‘ಕ್ವಿಕ್ ಬಕ್’ ಬರೆಯುವ ಮುನ್ನ
ದಿಢೀರ್ ಲಾಭದ ಇಂಗ್ಲಿಷ್ ನುಡಿಗಟ್ಟು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಹೊಸದಾಗಿ ಉದ್ದಿಮೆ ಶುರುಮಾಡಲು ಹೊರಟ ತರುಣನೊಬ್ಬ ಬ್ಯಾಂಕ್ ಸಾಲಕ್ಕಾಗಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುತ್ತಾನೆ ಎಂದುಕೊಳ್ಳಿ. ಹಾಕಿದ ಬಂಡವಾಳ ಬೇಗ ವಾಪಸು ಬರುತ್ತದೆ ಎಂದು ಹೇಳಬೇಕು. ಎಲ್ಲೋ ಓದಿದ ಇಂಗ್ಲಿಷ್ ಮಾತು ನೆನಪಾಗಿ ‘ದಿಸ್ ಬಿಸಿನೆಸ್ ವಿಲ್ ಹೆಲ್ಪ್ ಅಸ್ ಮೇಕ್ ಎ ಕ್ವಿಕ್ ಬಕ್’ ಎಂದು ಬರೆದುಬಿಡುತ್ತಾನೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಸಾಲ ಮಂಜೂರು ಮಾಡಬೇಕಾದ ಅಧಿಕಾರಿಯ ಕಿವಿಗೆ ಅದು ‘ಸಿಕ್ಕಷ್ಟು ಬಾಚಿಕೊಂಡು ಜಾಗ ಖಾಲಿ ಮಾಡುವವರು ನಾವು’ ಎಂದು ಕೇಳಿಸುತ್ತದೆ.

ಇಂಥ ಎಡವಟ್ಟು ಬರೀ ಸಾಲದ ಅರ್ಜಿಯಲ್ಲಿ ಆಗುವುದಲ್ಲ. ಕಾಲೇಜಿನ ಪ್ರಬಂಧ, ಸ್ಪರ್ಧಾತ್ಮಕ ಪರೀಕ್ಷೆಯ ಉತ್ತರ, ಕಚೇರಿಯ ಇಮೇಲ್, ಪತ್ರಿಕೆಯ ಸುದ್ದಿ, ಎಲ್ಲ ಕಡೆಯೂ ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಬರೆಯುವವರಿಗೆ ನಿಘಂಟು ಪದದ ಅರ್ಥ ಹೇಳಿಕೊಡುತ್ತದೆ. ಆ ಪದ ಯಾರನ್ನು ಹೊಗಳುತ್ತದೆ, ಯಾರನ್ನು ಚುಚ್ಚುತ್ತದೆ ಎಂಬುದು ಅದರಲ್ಲಿ ಅಷ್ಟಾಗಿ ಸಿಗುವುದಿಲ್ಲ. ‘ಕ್ವಿಕ್ ಬಕ್’ ಲಾಭವನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಲಾಭ ಮಾಡಿದವನ ಮೇಲೆ ತೀರ್ಪು ಕೊಡುವ ಮಾತು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮಾತು ಹುಟ್ಟಿದ್ದು ಹೇಗೆ

‘ಬಕ್’ ಎಂದರೆ ಗಂಡು ಜಿಂಕೆ. 18ನೇ ಶತಮಾನದ ಉತ್ತರ ಅಮೆರಿಕದಲ್ಲಿ ಮೂಲನಿವಾಸಿಗಳಿಗೂ ಯುರೋಪಿನಿಂದ ಬಂದ ವರ್ತಕರಿಗೂ ನಡುವೆ ಜಿಂಕೆಯ ಚರ್ಮವೇ ನಾಣ್ಯದಂತೆ ಚಲಾವಣೆಯಲ್ಲಿತ್ತು. ಪೆನ್ಸಿಲ್ವೇನಿಯಾದ ದುಭಾಷಿ ಕಾನ್ರಾಡ್ ವೈಸರ್ ತನ್ನ 1748ರ ದಿನಚರಿಯಲ್ಲಿ ಒಂದು ಪೀಪಾಯಿ ವಿಸ್ಕಿಗೆ ಐದು ಬಕ್ ಎಂದು ಬೆಲೆ ಬರೆದಿಟ್ಟಿದ್ದಾನೆ. 19ನೇ ಶತಮಾನದ ನಡುವಿನ ಹೊತ್ತಿಗೆ ‘ಬಕ್’ ಎಂಬುದು ಡಾಲರಿಗೆ ಬೀದಿಯ ಹೆಸರಾಯಿತು. ಡಾಲರಿನ ಈ ಅಡ್ಡಹೆಸರಿಗೆ ಜಿಂಕೆಯ ಚರ್ಮವೇ ಮೂಲ ಎಂದು ಹೆಚ್ಚಿನವರು ನಂಬುತ್ತಾರೆ. ‘ಫಾಸ್ಟ್ ಬಕ್’, ‘ಕ್ವಿಕ್ ಬಕ್’ ಎಂಬ ಜೋಡಿಗಳು ಅಮೆರಿಕದ ಆಡುಮಾತಿನಲ್ಲಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಎರಡರ ಅರ್ಥವೂ ಒಂದೇ. ಹುಟ್ಟಿದ್ದು ಆಡುಮಾತಿನಲ್ಲಿ, ಇಂದಿಗೂ ಉಳಿದಿರುವುದು ಆಡುಮಾತಾಗಿಯೇ.

ಕುಟುಕು ಇರುವುದು ಯಾವ ಪದದಲ್ಲಿ?

‘ಕ್ವಿಕ್’ ಎಂಬ ಪದದಲ್ಲಿ ಕೆಟ್ಟದ್ದೇನೂ ಇಲ್ಲ. ‘ಸ್ಮಾಲ್ ಪ್ರಾಫಿಟ್ಸ್, ಕ್ವಿಕ್ ರಿಟರ್ನ್ಸ್’ ಎಂಬುದು ಇಂಗ್ಲೆಂಡಿನ ಅಂಗಡಿಕಾರರ ಹಳೆಯ ಸೂತ್ರ. ಕಡಿಮೆ ಲಾಭ ಇಟ್ಟುಕೊಂಡು ಸರಕನ್ನು ಬೇಗ ಬೇಗ ಖಾಲಿ ಮಾಡುವ ಪ್ರಾಮಾಣಿಕ ವ್ಯಾಪಾರ ಅದು. ‘ಕ್ವಿಕ್ ಪ್ರಾಫಿಟ್’ ಎಂದರೂ ಹೆಚ್ಚಿನ ಸಂದರ್ಭದಲ್ಲಿ ತಟಸ್ಥವಾದ ಮಾತೇ. ಅದೇ ಜಾಗದಲ್ಲಿ ‘ಬಕ್’ ಕೂರಿಸಿದರೆ ಧಾಟಿ ಬದಲಾಗುತ್ತದೆ. ಬೀದಿಯ ಪದ ಹಣವನ್ನೂ ಹಗುರಾಗಿಸುತ್ತದೆ, ಅದರ ಹಿಂದೆ ಬಿದ್ದವನನ್ನೂ ಹಗುರಾಗಿಸುತ್ತದೆ.

ಈ ಮಾತಿನೊಳಗೆ ಮೂರು ಸಂಗತಿ ಅಡಗಿವೆ: ಸಮಯ ಕಡಿಮೆ, ಶ್ರಮ ಕಡಿಮೆ, ಮುಂದೇನಾದೀತು ಎಂಬ ಕಾಳಜಿಯೂ ಕಡಿಮೆ. ಮೂರೂ ಇದ್ದರೆ ಮಾತು ಸರಿಯಾಗಿ ಕೂರುತ್ತದೆ. ಒಂದು ತಪ್ಪಿದರೂ ವಾಕ್ಯ ಯಾರಿಗೋ ಅನ್ಯಾಯ ಮಾಡುತ್ತದೆ.

2023ರ ಜುಲೈಯನ್ನು ನೆನಪಿಸಿಕೊಳ್ಳಿ. ಟೊಮೆಟೊ ಚಿಲ್ಲರೆ ಬೆಲೆ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಕೋಲಾರದ ಕೆಲವು ಬೆಳೆಗಾರರ ಕೈಗೆ ಒಳ್ಳೆಯ ಕಾಸು ಬಂತು. ‘ಕೋಲಾರ್ ಫಾರ್ಮರ್ಸ್ ಮೇಡ್ ಎ ಕ್ವಿಕ್ ಬಕ್’ ಎಂದು ಬರೆದರೆ ಹೇಗೆ? ನಾಟಿ ಮಾಡಿ, ಕೋಲು ಊರಿ, ಔಷಧಿ ಹೊಡೆದು, ತಿಂಗಳುಗಟ್ಟಲೆ ಕಾದು ಬೆಳೆದವರು ಅವರು. ಅದಕ್ಕೆ ಮುಂಚೆ ಎಷ್ಟೋ ಸಲ ಹಣ್ಣನ್ನು ರಸ್ತೆಗೆ ಸುರಿದವರೂ ಅವರೇ. ಅಲ್ಲಿ ಶ್ರಮ ಕಡಿಮೆ ಇರಲಿಲ್ಲ, ಬೆಲೆ ಏರಿದ್ದು ಅವರ ಕೈವಾಡವೂ ಆಗಿರಲಿಲ್ಲ. ಆ ವಾಕ್ಯಕ್ಕೆ ಬೇಕಾದದ್ದು ‘ವಿಂಡ್‌ಫಾಲ್’, ಅಂದರೆ ಅನಿರೀಕ್ಷಿತವಾಗಿ ಒದಗಿದ ಲಾಭ. ಮುಂಗಡವಾಗಿ ಅಗ್ಗಕ್ಕೆ ಕೊಂಡ ಸರಕನ್ನು ಗೋದಾಮಿನಲ್ಲಿ ಬಚ್ಚಿಟ್ಟು ದುಪ್ಪಟ್ಟಿಗೆ ಮಾರಿದ ದಲ್ಲಾಳಿ ಇದ್ದರೆ ಅವನಿಗೆ ‘ಕ್ವಿಕ್ ಬಕ್’ ಸಲ್ಲಬಹುದು.

ಬರೆಯುವ ಕ್ರಮ

1. ಯಾರ ಬಗ್ಗೆ ಬರೆಯುತ್ತಿದ್ದೇನೆ ಎಂದು ಮೊದಲು ನೋಡಿಕೊಳ್ಳಿ. ನಿಮ್ಮ ಸಂಸ್ಥೆ, ನಿಮ್ಮ ಗ್ರಾಹಕರು, ನೀವು ಗೌರವಿಸುವವರು ವಾಕ್ಯದ ಕರ್ತೃವಾಗಿದ್ದರೆ ಈ ಮಾತು ಬೇಡ. ನಿರಾಕರಿಸುವಾಗ ಮಾತ್ರ ಅದು ನಿಮ್ಮ ಪರವಾಗಿ ದುಡಿಯುತ್ತದೆ: ‘ವಿ ಆರ್ ನಾಟ್ ಹಿಯರ್ ಟು ಮೇಕ್ ಎ ಕ್ವಿಕ್ ಬಕ್.’ ಬೇಗ ದುಡ್ಡು ಮಾಡಿ ಹೋಗಲು ಬಂದವರಲ್ಲ ನಾವು, ಇಲ್ಲೇ ನಿಲ್ಲುವವರು ಎಂಬ ಭರವಸೆ ಇದರಲ್ಲಿದೆ.

2. ಓದುವವರು ಯಾರು ಎಂದು ಕೇಳಿಕೊಳ್ಳಿ. ಅಂಕಣ, ನುಡಿಚಿತ್ರ, ಕಥೆಯ ಸಂಭಾಷಣೆ, ಗೆಳೆಯರ ನಡುವಿನ ಪತ್ರ, ಇವುಗಳಲ್ಲಿ ಧಾರಾಳವಾಗಿ ಬಳಸಬಹುದು. ಸಂಶೋಧನಾ ಪ್ರಬಂಧ, ಲೆಕ್ಕಪರಿಶೋಧನೆಯ ವರದಿ, ಅಫಿಡವಿಟ್, ಸಾಲದ ಅರ್ಜಿ, ಸರ್ಕಾರಿ ಪತ್ರ, ಇವುಗಳಲ್ಲಿ ಬಳಸಬಾರದು. ಅಲ್ಲಿ ‘ಕ್ವಿಕ್ ಪ್ರಾಫಿಟ್’, ‘ಶಾರ್ಟ್-ಟರ್ಮ್ ಗೇನ್’, ‘ಅರ್ಲಿ ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್’ ಎಂಬ ಮಾತುಗಳಿವೆ.

3. ಅಚ್ಚು ಕೆಡಿಸಬೇಡಿ. ಕ್ರಿಯಾಪದ ‘ಮೇಕ್’, ಅದರ ಮುಂದೆ ‘ಎ’, ಆಮೇಲೆ ‘ಕ್ವಿಕ್ ಬಕ್’. ಎಷ್ಟೇ ಕೋಟಿ ಬಂದಿರಲಿ, ‘ಬಕ್’ ಏಕವಚನದಲ್ಲೇ ಇರುತ್ತದೆ. ಒಂದು ಡಾಲರು ಇಲ್ಲಿ ಒಟ್ಟು ಹಣಕ್ಕೆ ನಿಂತಿದೆ. ಕಾಲಕ್ಕೆ ತಕ್ಕಂತೆ ಬದಲಾಗುವುದು ‘ಮೇಕ್’ ಒಂದೇ: ‘ಮೇಡ್ ಎ ಕ್ವಿಕ್ ಬಕ್’, ‘ಮೇಕಿಂಗ್ ಎ ಕ್ವಿಕ್ ಬಕ್’. ‘ಟರ್ನ್ ಎ ಕ್ವಿಕ್ ಬಕ್’, ‘ಅರ್ನ್ ಎ ಕ್ವಿಕ್ ಬಕ್’ ಎಂಬುವೂ ಬಳಕೆಯಲ್ಲಿವೆ. ಅನುಮಾನವಿದ್ದಾಗ ‘ಮೇಕ್’ ಹಿಡಿದುಕೊಂಡರೆ ತಪ್ಪಾಗುವುದಿಲ್ಲ.

4. ‘ಇಂದ’ ಪ್ರತ್ಯಯವನ್ನು ಬಿಡಿಸಿ ನೋಡಿ. ಕನ್ನಡದಲ್ಲಿ ‘ಪ್ರವಾಸಿಗರಿಂದ ದುಡ್ಡು ಮಾಡಿದ’ ಎಂದರೂ ‘ಟಿಕೆಟ್ ಮಾರುವುದರಿಂದ ದುಡ್ಡು ಮಾಡಿದ’ ಎಂದರೂ ಪ್ರತ್ಯಯ ಒಂದೇ. ಇಂಗ್ಲಿಷಿನಲ್ಲಿ ಬೇರೆ ಬೇರೆ. ಯಾರಿಂದ ಎನ್ನುವಾಗ ‘ಆಫ್’ (off) ಅಥವಾ ‘ಔಟ್ ಆಫ್’ (out of): ‘ಮೇಡ್ ಎ ಕ್ವಿಕ್ ಬಕ್ ಔಟ್ ಆಫ್ ಟೂರಿಸ್ಟ್ಸ್’. ಏನು ಮಾಡಿ ಎನ್ನುವಾಗ ‘ಬೈ’: ‘ಮೇಡ್ ಎ ಕ್ವಿಕ್ ಬಕ್ ಬೈ ರೀಸೆಲ್ಲಿಂಗ್ ಟಿಕೆಟ್ಸ್’. ‘ಆಫ್’ ಅಮೆರಿಕದ ಬರಹದಲ್ಲಿ ಹೆಚ್ಚು ಕಾಣುತ್ತದೆ.

5. ಉದ್ದೇಶ ಹೇಳುವ ಸಿದ್ಧ ಜೋಡಣೆಗಳನ್ನು ಕಲಿತಿಟ್ಟುಕೊಳ್ಳಿ. ‘ಔಟ್ ಟು ಮೇಕ್ ಎ ಕ್ವಿಕ್ ಬಕ್’, ‘ಲುಕಿಂಗ್ ಟು ಮೇಕ್ ಎ ಕ್ವಿಕ್ ಬಕ್’, ‘ಆಫ್ಟರ್ ಎ ಕ್ವಿಕ್ ಬಕ್’, ‘ಇನ್ ಇಟ್ ಫಾರ್ ಎ ಕ್ವಿಕ್ ಬಕ್’. ಮೊದಲನೆಯದು ಹಟ ಹಿಡಿದು ಹೊರಟವನನ್ನು ತೋರಿಸುತ್ತದೆ, ಕೊನೆಯದು ಅವನಿಗೆ ಬೇರೆ ಆಸಕ್ತಿಯೇ ಇಲ್ಲ ಎನ್ನುತ್ತದೆ. ಅವಕಾಶ ತೆರೆದಿದೆ ಎನ್ನಲು ‘ದೇರ್ ಈಸ್ ಎ ಕ್ವಿಕ್ ಬಕ್ ಟು ಬಿ ಮೇಡ್’.

6. ನಾಮಪದದ ಮುಂದೆ ವಿಶೇಷಣವಾಗಿ ಬಂದರೆ ನಡುವೆ ಅಡ್ಡಗೆರೆ ಹಾಕಿ. ‘ಎ ಕ್ವಿಕ್-ಬಕ್ ಬಿಲ್ಡರ್’, ‘ಎ ಫಾಸ್ಟ್-ಬಕ್ ಆಪರೇಟರ್’. ನಾಮಪದವಾಗಿ ಬಂದಾಗ ಅಡ್ಡಗೆರೆ ಬೇಡ.

7. ತೀರ್ಪಿನ ಬೆನ್ನಿಗೆ ಆಧಾರ ಕೊಡಿ. ಈ ಮಾತು ಬರೆದ ಮೇಲೆ ಮುಂದಿನ ವಾಕ್ಯದಲ್ಲೇ ಎಷ್ಟಕ್ಕೆ ಕೊಂಡರು, ಎಷ್ಟಕ್ಕೆ ಮಾರಿದರು, ನಷ್ಟ ಯಾರಿಗಾಯಿತು ಎಂದು ಬರೆಯಿರಿ. ಆ ವಾಕ್ಯ ಬರೆಯಲು ನಿಮ್ಮಲ್ಲಿ ಮಾಹಿತಿ ಇಲ್ಲದಿದ್ದರೆ ನುಡಿಗಟ್ಟನ್ನು ಹೊಡೆದುಹಾಕಿ.

ಅಕ್ಕಪಕ್ಕದ ಮಾತುಗಳು: ಯಾವುದು ಯಾವಾಗ

‘ಬೇಗ ಬಂದ ಹಣ’ಕ್ಕೆ ಇಂಗ್ಲಿಷಿನಲ್ಲಿ ಹಲವು ಮಾತುಗಳಿವೆ. ಒಂದರ ಬದಲು ಒಂದು ಹಾಕಿದರೆ ಅರ್ಥ ಜಾರುತ್ತದೆ.

*ಕ್ವಿಕ್ ಪ್ರಾಫಿಟ್:* ತಟಸ್ಥ ಮಾತು. ಐಪಿಒದಲ್ಲಿ ಸಿಕ್ಕ ಷೇರನ್ನು ಲಿಸ್ಟಿಂಗ್ ದಿನವೇ ಮಾರಿದವರಿಗೆ ಇದು ಸಾಕು. ‘ಲಿಸ್ಟಿಂಗ್ ಗೇನ್’ ಎಂದರೆ ಇನ್ನೂ ನಿಖರ. ಇನ್ನು ‘ಶಾರ್ಟ್-ಟರ್ಮ್ ಕ್ಯಾಪಿಟಲ್ ಗೇನ್’ ಎಂಬುದು ತೆರಿಗೆಯ ಪರಿಭಾಷೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಷೇರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳದೆ ಮಾರಿದಾಗ ಬರುವ ಲಾಭಕ್ಕೆ ಆ ಹೆಸರು.

*ಈಸಿ ಮನಿ:* ಶ್ರಮವಿಲ್ಲದ ದುಡ್ಡು. ಇದಕ್ಕೆ ‘ಎ’ ಹಾಕುವಂತಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬೇರೆಯೇ ಅರ್ಥವಿದೆ: ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿ ಸಾಲವನ್ನು ಸಲೀಸಾಗಿಸುವ ಕಾಲ. ಆರ್ಥಿಕ ಲೇಖನದಲ್ಲಿ ಬಳಸುವಾಗ ಯಾವ ಅರ್ಥ ಎಂಬುದು ತಿಳಿಯುವಂತಿರಲಿ.

*ವಿಂಡ್‌ಫಾಲ್:* ಗಾಳಿಗೆ ಉದುರಿದ ಹಣ್ಣು ಎಂಬುದು ಮೂಲ ಅರ್ಥ. ಪಡೆದವರ ಪಿತೂರಿ ಇಲ್ಲದೆ ಒದಗಿದ ಲಾಭ. ಭಾರತ ಸರ್ಕಾರ 2022ರ ಜುಲೈನಲ್ಲಿ ಕಚ್ಚಾತೈಲ ಉತ್ಪಾದಕರ ಮೇಲೆ ಹಾಕಿದ ಹೆಚ್ಚುವರಿ ತೆರಿಗೆ ‘ವಿಂಡ್‌ಫಾಲ್ ಟ್ಯಾಕ್ಸ್’ ಎಂದೇ ಹೆಸರಾಯಿತು. ಅಂತರರಾಷ್ಟ್ರೀಯ ಬೆಲೆ ಏರಿದ್ದರಿಂದ ಬಂದ ಲಾಭದ ಮೇಲಿನ ತೆರಿಗೆ ಅದು.

*ಮೇಕ್ ಎ ಕಿಲ್ಲಿಂಗ್:* ಭಾರಿ ಮೊತ್ತದ, ಹಠಾತ್ ಲಾಭ. ಸಣ್ಣ ಮೊತ್ತಕ್ಕೆ ಹೊಂದದು. ‘ಕ್ವಿಕ್ ಬಕ್’ ಒತ್ತು ಕೊಡುವುದು ಆತುರಕ್ಕೆ, ಇದು ಒತ್ತು ಕೊಡುವುದು ಗಾತ್ರಕ್ಕೆ.

*ಪ್ರಾಫಿಟಿಯರಿಂಗ್:* ಅಭಾವದ ಹೊತ್ತಿನಲ್ಲಿ ಜನರ ಅಸಹಾಯಕತೆಯನ್ನು ಬಳಸಿಕೊಂಡು ಅನ್ಯಾಯದ ಬೆಲೆ ಕೀಳುವುದು. ಗಂಭೀರ ಬರಹಕ್ಕೂ ಸಲ್ಲುವ ಪದ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 171ನೇ ಸೆಕ್ಷನ್ ಹೇಳುವ ‘ಪ್ರಾಫಿಟಿಯರಿಂಗ್’ನ ವ್ಯಾಪ್ತಿ ಕಿರಿದು: ತೆರಿಗೆ ಇಳಿಕೆಯಂಥ ಲಾಭವನ್ನು ಗ್ರಾಹಕರಿಗೆ ದಾಟಿಸದೆ ತಾವೇ ಇಟ್ಟುಕೊಳ್ಳುವುದು.

*ಗೆಟ್-ರಿಚ್-ಕ್ವಿಕ್ ಸ್ಕೀಮ್:* ದಿಢೀರ್ ಶ್ರೀಮಂತಿಕೆಯ ಆಮಿಷ ಒಡ್ಡುವ ಯೋಜನೆ. ಮೂರು ಪದಗಳ ನಡುವೆಯೂ ಅಡ್ಡಗೆರೆ ಬೇಕು. ‘ಕ್ವಿಕ್ಲಿ’ ಎಂದು ತಿದ್ದಲು ಹೋಗಬೇಡಿ, ನುಡಿಗಟ್ಟು ಒಡೆಯುತ್ತದೆ.

*ಪೊಂಜಿ ಸ್ಕೀಮ್:* ಇದು ಬೈಗುಳವಲ್ಲ, ಒಂದು ನಿರ್ದಿಷ್ಟ ವಂಚನೆಯ ಹೆಸರು. 1920ರಲ್ಲಿ ಬೋಸ್ಟನ್‌ನ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ 50ರಷ್ಟು ಲಾಭ ಕೊಡುವುದಾಗಿ ಹಣ ಸಂಗ್ರಹಿಸಿದ. ಅಂತರರಾಷ್ಟ್ರೀಯ ಅಂಚೆ ಕೂಪನ್ನುಗಳ ವ್ಯಾಪಾರ ಎಂಬುದು ತೋರಿಕೆಗೆ. ವಾಸ್ತವದಲ್ಲಿ ಹೊಸಬರ ಹಣವನ್ನೇ ಹಳಬರಿಗೆ ಲಾಭ ಎಂದು ಹಂಚುತ್ತಿದ್ದ. ಈ ಕ್ರಮ ಇದ್ದರೆ ಮಾತ್ರ ಆ ಹೆಸರು ಬಳಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಮೇಕ್ ಕ್ವಿಕ್ ಬಕ್ಸ್’: ನಮ್ಮ ಕಡೆಯ ಇಂಗ್ಲಿಷಿನಲ್ಲಿ ಬಹಳ ಕಾಣುವ ರೂಪ. ‘ಬಿಗ್ ಬಕ್ಸ್’ ಎಂಬ ಇನ್ನೊಂದು ನುಡಿಗಟ್ಟು ಇದಕ್ಕೆ ಬಂದು ಸೇರಿಕೊಂಡಿರುತ್ತದೆ. ಸೂತ್ರ ಸರಳ: ‘ಎ ಕ್ವಿಕ್ ಬಕ್’ ಏಕವಚನ, ‘ಎ’ ಇರುತ್ತದೆ, ‘ಬಿಗ್ ಬಕ್ಸ್’ ಬಹುವಚನ, ‘ಎ’ ಇರುವುದಿಲ್ಲ.

‘ಮೇಕ್ ಕ್ವಿಕ್ ಬಕ್’: ಕನ್ನಡದಲ್ಲಿ ‘ಎ’ಗೆ ಸಮನಾದದ್ದು ಇಲ್ಲದ್ದರಿಂದ ಕೈತಪ್ಪಿ ಹೋಗುವುದು ಸಹಜ. ಬರೆದಾದ ಮೇಲೆ ಒಮ್ಮೆ ಜೋರಾಗಿ ಓದಿಕೊಂಡರೆ ಸಿಕ್ಕಿಬೀಳುತ್ತದೆ.

‘ಬಕ್’ನ ಬೇರೆ ನುಡಿಗಟ್ಟುಗಳನ್ನು ಬೆರೆಸುವುದು: ‘ಪಾಸ್ ದ ಬಕ್’ ಎಂದರೆ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಇದು ಇಸ್ಪೀಟಿನ ಪೋಕರ್ ಆಟದಿಂದ ಬಂದದ್ದು, ದುಡ್ಡಿಗೆ ಸಂಬಂಧವಿಲ್ಲ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಮೇಜಿನ ಮೇಲಿದ್ದ ‘ದ ಬಕ್ ಸ್ಟಾಪ್ಸ್ ಹಿಯರ್’ ಎಂಬ ಫಲಕವೂ ಹೊಣೆಯ ಮಾತನ್ನೇ ಆಡುತ್ತಿತ್ತು.

ರೂಪಾಯಿಗೆ ‘ಬಕ್ಸ್’ ಎನ್ನುವುದು: ‘ಫಿಫ್ಟಿ ಬಕ್ಸ್’ ಎಂದು ಬೆಂಗಳೂರಿನಲ್ಲಿ ಮಾತನಾಡಿದರೆ 50 ರೂಪಾಯಿ ಎಂದೇ ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನೇ ವಿದೇಶದ ಗ್ರಾಹಕರಿಗೆ ಇಮೇಲಿನಲ್ಲಿ ಬರೆದರೆ 50 ಡಾಲರ್ ಆಗುತ್ತದೆ. ನುಡಿಗಟ್ಟಿನಲ್ಲಿ ‘ಬಕ್’ ಇರಲಿ, ಬೆಲೆ ನಮೂದಿಸುವಲ್ಲಿ ರೂಪಾಯಿ ಎಂದೇ ಬರೆಯಿರಿ.

ಮೊತ್ತವನ್ನು ಒಳಗೆ ತುರುಕುವುದು: ‘ಎ ಕ್ವಿಕ್ ಬಕ್ ಆಫ್ ಟೆನ್ ಲ್ಯಾಕ್ಸ್’ ಎಂಬುದು ಇಂಗ್ಲಿಷಿನ ಜಾಯಮಾನಕ್ಕೆ ಒಗ್ಗದು. ಮೊತ್ತ ಹೇಳಬೇಕಿದ್ದರೆ ‘ಎ ಕ್ವಿಕ್ ಪ್ರಾಫಿಟ್ ಆಫ್ ಟೆನ್ ಲ್ಯಾಕ್ ರುಪೀಸ್’.

ಎಚ್ಚರಿಕೆಗಳು

ಹೆಸರು ಹಿಡಿದು ಬರೆಯುವಾಗ: ‘ಕ್ವಿಕ್ ಬಕ್’ ಒಬ್ಬರ ಉದ್ದೇಶವನ್ನೇ ಪ್ರಶ್ನಿಸುತ್ತದೆ. ವ್ಯಕ್ತಿಯ ಅಥವಾ ಕಂಪನಿಯ ಹೆಸರಿನ ಪಕ್ಕದಲ್ಲಿ ಬಂದರೆ ಮಾನಹಾನಿಯ ಪ್ರಶ್ನೆ ಏಳಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಈ ಬಗ್ಗೆಯೇ ಇದೆ. ನಡೆದದ್ದನ್ನು ಅಂಕಿಗಳ ಸಮೇತ ಬರೆಯಿರಿ, ಉದ್ದೇಶವನ್ನು ಓದುಗರೇ ಅಳೆಯಲಿ.

ವಂಚನೆಯನ್ನು ಹಗುರಾಗಿಸಬೇಡಿ: ಜೀವಮಾನದ ಉಳಿತಾಯ ಕಳೆದುಕೊಂಡವರ ಸುದ್ದಿಯಲ್ಲಿ ವಂಚಕ ‘ಕ್ವಿಕ್ ಬಕ್ ಮಾಡಿದ’ ಎಂದರೆ ಅಪರಾಧ ಚೇಷ್ಟೆಯಂತೆ ಕಾಣುತ್ತದೆ. ಅಲ್ಲಿ ‘ಡಿಫ್ರಾಡೆಡ್’, ‘ಚೀಟೆಡ್’ ಎಂಬ ನೇರ ಪದಗಳೇ ಬೇಕು. ಹಾಗೆಯೇ ಸಾವು ನೋವಿನ ಸಂದರ್ಭದಲ್ಲಿ ‘ಮೇಡ್ ಎ ಕಿಲ್ಲಿಂಗ್’ ಬಳಸಲೇಬಾರದು. ಕೋವಿಡ್ ಎರಡನೇ ಅಲೆಯಲ್ಲಿ ರೆಮ್‌ಡೆಸಿವಿರ್ ಕಾಳಸಂತೆಯಲ್ಲಿ ಮಾರಿದವರ ಬಗ್ಗೆ ಹಾಗೆ ಬರೆದರೆ, ಮನೆಯವರನ್ನು ಕಳೆದುಕೊಂಡ ಓದುಗರಿಗೆ ಆ ಪದ ಇರಿಯುತ್ತದೆ.

‘ಸ್ಕೀಮ್’ ಎಂಬ ಪದದ ಎರಡು ಮುಖ: ನಮಗೆ ‘ಸ್ಕೀಮ್’ ಎಂದರೆ ಸರ್ಕಾರಿ ಯೋಜನೆಯೂ ಹೌದು. ಅಮೆರಿಕದ ಓದುಗರಿಗೆ ಅದರಲ್ಲಿ ಸಂಚಿನ ವಾಸನೆ ಬರುತ್ತದೆ. ಅವರಿಗಾಗಿ ಬರೆಯುವಾಗ ಒಳ್ಳೆಯ ಯೋಜನೆಗೆ ‘ಪ್ರೋಗ್ರಾಂ’ ಅಥವಾ ‘ಪ್ಲಾನ್’ ಎನ್ನುವುದು ಲೇಸು.

ಚೀಟಿಯನ್ನು ವಂಚನೆಯ ಜೊತೆ ಕಟ್ಟಬೇಡಿ: 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿ ನಡೆಸುವ ಚೀಟಿ ಕಾನೂನುಬದ್ಧ. ಅದು ಉಳಿತಾಯ ಮತ್ತು ಸಾಲ ಸೇರಿದ ವ್ಯವಸ್ಥೆ. ಅದನ್ನು ‘ಗೆಟ್-ರಿಚ್-ಕ್ವಿಕ್ ಸ್ಕೀಮ್’ ಎಂದರೆ ತಪ್ಪು. 1978ರ ಪ್ರೈಜ್ ಚಿಟ್ ಮತ್ತು ಹಣ ಪ್ರಸರಣ ಯೋಜನೆ ನಿಷೇಧ ಕಾಯ್ದೆ ತಡೆಯುವುದು ಬೇರೆಯದನ್ನು.

ಆ 1978ರ ಕಾಯ್ದೆಯಲ್ಲಿ ಬರಹಗಾರರು ಗಮನಿಸಬೇಕಾದ ಪಾಠವೊಂದಿದೆ. ಹಣ ಪ್ರಸರಣ ಯೋಜನೆಯನ್ನು ವ್ಯಾಖ್ಯಾನಿಸುವಾಗ ಅಲ್ಲಿ ಬಳಸಿದ್ದು ‘ಕ್ವಿಕ್ ಆರ್ ಈಸಿ ಮನಿ’ ಎಂಬ ಮಾತು. ಕಾನೂನಿನ ಗಾಂಭೀರ್ಯಕ್ಕೆ ‘ಬಕ್’ ಹೊಂದುವುದಿಲ್ಲ, ‘ಮನಿ’ ಹೊಂದುತ್ತದೆ. ಪಶ್ಚಿಮ ಬಂಗಾಳದ ಸಂಚಯಿತ ಎಂಬ ಹೂಡಿಕೆ ಸಂಸ್ಥೆಯ ಪ್ರಕರಣದಲ್ಲಿ 1982ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಬೇಗ ಹಣ ಬಂದ ಮಾತ್ರಕ್ಕೆ ಅಪರಾಧವಾಗದು, ಸದಸ್ಯರ ಸೇರ್ಪಡೆಗೆ ಸಂಬಂಧಿಸಿದ ಘಟನೆ ಅಥವಾ ಸಂಭವಕ್ಕೆ ಆ ಹಣ ತಳುಕು ಹಾಕಿಕೊಂಡಿರಬೇಕು ಎಂದು ವಿವರಿಸಿತು. ದಿಢೀರ್ ಹಣ ಎಂಬ ಹಣೆಪಟ್ಟಿ ಒಂದೇ ಸಾಲದು, ಹಣ ಹೇಗೆ ಬಂತು ಎಂಬುದನ್ನು ತೋರಿಸಬೇಕು. ವರದಿ ಬರೆಯುವವರಿಗೂ ಇದೇ ಅಳತೆ ಸರಿ.

ಕನ್ನಡಕ್ಕೆ ತರುವಾಗ

ಇಂಗ್ಲಿಷ್ ಸುದ್ದಿಯನ್ನು ಕನ್ನಡಿಸುವಾಗ ‘ತ್ವರಿತ ಲಾಭ’ ಎಂದು ಬರೆದರೆ ಚುಚ್ಚು ಮಾಯವಾಗುತ್ತದೆ. ಅದು ‘ಕ್ವಿಕ್ ಪ್ರಾಫಿಟ್’ಗೆ ಮಾತ್ರ ಸಮ. ಸಂದರ್ಭ ನೋಡಿಕೊಂಡು ‘ದಿಢೀರ್ ದುಡ್ಡು ಮಾಡುವ ಆಸೆ’, ‘ಸುಲಭದ ಕಾಸಿಗೆ ಬಾಯಿ ಬಿಡುವುದು’, ‘ಸಿಕ್ಕಷ್ಟು ಬಾಚಿಕೊಳ್ಳುವುದು’ ಎನ್ನಬಹುದು. ಲಾಭದ ಗಾತ್ರ ಮುಖ್ಯವಾದರೆ ‘ರಾತ್ರೋರಾತ್ರಿ ಶ್ರೀಮಂತನಾಗುವುದು’.

ತಿದ್ದಿ ನೋಡೋಣ

ಮೊದಲು ಹೇಳಿದ ಪ್ರಾಜೆಕ್ಟ್ ರಿಪೋರ್ಟಿನ ವಾಕ್ಯವನ್ನು ‘ವಿ ಎಕ್ಸ್‌ಪೆಕ್ಟ್ ಟು ರಿಕವರ್ ದ ಇನ್ವೆಸ್ಟ್‌ಮೆಂಟ್ ವಿದಿನ್ ಏಟೀನ್ ಮಂತ್ಸ್’ ಎಂದು ತಿದ್ದಿದರೆ ಅಧಿಕಾರಿಗೆ ಬೇಕಾದದ್ದು ಸಿಗುತ್ತದೆ: ಎಷ್ಟು ಕಾಲದಲ್ಲಿ ಹಣ ಮರಳುತ್ತದೆ ಎಂಬ ಲೆಕ್ಕ. ಅಂಕಣ ಬರೆಯುವವರು ಹಬ್ಬದ ಹೊತ್ತಿಗೆ ದರ ಏರಿಸುವ ಖಾಸಗಿ ಬಸ್ಸುಗಳ ಬಗ್ಗೆ ‘ಸಮ್ ಆಪರೇಟರ್ಸ್ ಆರ್ ಔಟ್ ಟು ಮೇಕ್ ಎ ಕ್ವಿಕ್ ಬಕ್ ಔಟ್ ಆಫ್ ದಸರಾ ಟ್ರಾವೆಲರ್ಸ್’ ಎಂದು ಬರೆದು, ಮುಂದಿನ ಸಾಲಿನಲ್ಲೇ ಮಾಮೂಲಿ ದರ ಎಷ್ಟು, ಹಬ್ಬದ ದರ ಎಷ್ಟು ಎಂದು ಕೊಟ್ಟರೆ ಮಾತು ಗಟ್ಟಿಯಾಗಿ ನಿಲ್ಲುತ್ತದೆ.

ಬರಹವನ್ನು ಕಳಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಸಮಯ, ಶ್ರಮ, ಕಾಳಜಿ, ಮೂರೂ ಕಡಿಮೆ ಇದ್ದದ್ದು ನನಗೆ ಖಚಿತವೇ?
2. ಈ ಬರಹಕ್ಕೆ ಆಡುಮಾತು ಒಪ್ಪುತ್ತದೆಯೇ?
3. ‘ಎ’ ಇದೆಯೇ, ‘ಬಕ್’ ಏಕವಚನದಲ್ಲಿದೆಯೇ?
4. ಯಾರ ಬಗ್ಗೆ ಬರೆದಿದ್ದೇನೋ ಅವರ ಎದುರಿಗೇ ಈ ವಾಕ್ಯವನ್ನು ಓದಿ ಸಮರ್ಥಿಸಿಕೊಳ್ಳಬಲ್ಲೆನೇ?

ಮೂರನೆಯದು ವ್ಯಾಕರಣದ ಪ್ರಶ್ನೆ, ಅಭ್ಯಾಸದಿಂದ ಬರುತ್ತದೆ. ನಾಲ್ಕನೆಯದು ನ್ಯಾಯದ ಪ್ರಶ್ನೆ, ಅದನ್ನು ಪ್ರತಿ ಸಲವೂ ಹೊಸದಾಗಿ ಕೇಳಿಕೊಳ್ಳಬೇಕು. ದುಡಿದು ಗಳಿಸಿದವರನ್ನೂ ದೋಚಿ ಗಳಿಸಿದವರನ್ನೂ ಒಂದೇ ಮಾತಿನಲ್ಲಿ ಸೇರಿಸದೆ ಬೇರೆ ಮಾಡಿ ತೋರಿಸುವುದು ಬರೆಯುವವರ ಹೊಣೆ. ಬರೆಯುವ ಭಾಷೆ ಇಂಗ್ಲಿಷಾದರೂ ಕನ್ನಡವಾದರೂ ಆ ಹೊಣೆ ತಪ್ಪದು.